ಮಚ್ಚು, ಮಹಜರು, ಕಣ್ಣಾರೆ ಕಂಡ ಸಾಕ್ಷಿ: ಕೊಲೆ ಪ್ರಕರಣದಲ್ಲಿ ಸಾಮಾನ್ಯರು ಮಾಡಬೇಕಾದ್ದೇನು?

ಕೊಲೆ ಕೇಸು ಅಂದರೆ ಪೊಲೀಸರ ಕೆಲಸ, ವಕೀಲರ ಕೆಲಸ ಅಂತ ನಮಗೆ ಅನಿಸುತ್ತದೆ. ಆದರೆ ಕೋರ್ಟಿನಲ್ಲಿ ಕಟಕಟೆ ಹತ್ತಿ ನಿಲ್ಲುವವರು ಯಾರು? ಬೆಳಗ್ಗೆ ಡೈರಿಗೆ ಹಾಲು ಹಾಕಲು ಹೊರಟಿದ್ದವರು. ಗದ್ದೆಗೆ ನೀರು ತಿರುಗಿಸಲು ಹೋಗಿದ್ದವರು. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಕೂತಿದ್ದವರು. ಪೊಲೀಸರು ಜೀಪು ನಿಲ್ಲಿಸಿ "ಸ್ವಲ್ಪ ಬನ್ನಿ ಯಜಮಾನ್ರೇ, ಮಹಜರಿಗೆ ಒಂದು ಸಹಿ ಬೇಕು" ಅಂದಾಗ ಹೋದವರು. (ಸ್ಥಳದಲ್ಲಿ ಕಂಡದ್ದನ್ನು, ಸಿಕ್ಕಿದ್ದನ್ನು ಸಾಕ್ಷಿಗಳ ಎದುರು ಬರೆದಿಡುವ ದಾಖಲೆಯೇ ಮಹಜರು.) ಇವರ ಮಾತಿನ ಮೇಲೆ ಒಬ್ಬ ಮನುಷ್ಯ ಜೀವನಪೂರ್ತಿ ಜೈಲಿನಲ್ಲಿರಬಹುದು. ಅಥವಾ ಕೊಂದವನು ಆರಾಮಾಗಿ ಮನೆಗೆ ಹೋಗಬಹುದು. ಇಷ್ಟು ದೊಡ್ಡ ಹೊಣೆ ಹೊರುವವರಿಗೆ ಮುಂಚೆ ಯಾರೂ ಏನೂ ಹೇಳಿಕೊಡುವುದಿಲ್ಲ. ಅದಕ್ಕೇ ಈ ಬರಹ.

ಮೈಸೂರು, ಮಂಡ್ಯ ಕಡೆಯವರಿಗೆ ಒಂದು ವಿಷಯ ಮೊದಲೇ ಹೇಳಬೇಕು. ಕಬ್ಬು, ತೆಂಗು ಬೆಳೆಯುವ ನಾಡಿನಲ್ಲಿ ಮಚ್ಚು, ಕುಡುಗೋಲು ಇಲ್ಲದ ಮನೆ ಇಲ್ಲ. ಹಾಗಾಗಿ ಒಬ್ಬನ ಮನೆಯಲ್ಲಿ ಮಚ್ಚು ಸಿಕ್ಕಿತು ಅನ್ನುವುದಷ್ಟೇ ಏನನ್ನೂ ಹೇಳುವುದಿಲ್ಲ. ಅದು ಎಲ್ಲಿ ಸಿಕ್ಕಿತು, ಯಾರು ತೋರಿಸಿದರು, ಅದರ ಮೇಲೆ ಯಾರ ರಕ್ತ ಇತ್ತು, ಅದನ್ನು ಬೀಸಿದ್ದನ್ನು ಯಾರು ನೋಡಿದರು ಎಂಬುದೇ ಮುಖ್ಯ.

ಕಾನೂನಿನ ಹೆಸರುಗಳನ್ನೂ ಒಮ್ಮೆ ನೋಡಿಬಿಡೋಣ. 2024ರ ಜುಲೈ 1ರಿಂದ ಹೊಸ ಕಾಯ್ದೆಗಳು ಜಾರಿಯಲ್ಲಿವೆ. ಐಪಿಸಿ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ, ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಹಳೆಯ ಸಾಕ್ಷ್ಯ ಕಾಯ್ದೆ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿವೆ. ಕೊಲೆಗೆ ಶಿಕ್ಷೆ ಹೇಳುತ್ತಿದ್ದ 302ನೇ ಸೆಕ್ಷನ್ ಈಗ 103 ಆಗಿದೆ. ಆ ದಿನಕ್ಕಿಂತ ಮುಂಚೆ ನಡೆದ ಕೊಲೆಗಳಿಗೆ 302 ಎಂದೇ ಇರುತ್ತದೆ. ಆದ್ದರಿಂದ ಕೋರ್ಟಿನಲ್ಲಿ ಇನ್ನೂ ಎಷ್ಟೋ ವರ್ಷ ಎರಡೂ ಕೇಳಿಬರುತ್ತವೆ.

ಹೆಜ್ಜೆ 1: ಕಣ್ಣೆದುರೇ ನಡೆದಾಗ

ಮೊದಲು 112ಕ್ಕೆ ಫೋನ್ ಮಾಡಿ. ಗಾಯಗೊಂಡವರಿಗೆ ಉಸಿರಿದ್ದರೆ ಆಸ್ಪತ್ರೆಯೇ ಮೊದಲು, ಉಳಿದದ್ದೆಲ್ಲ ಆಮೇಲೆ. ಅವರು "ಇಂಥವನು ಹೊಡೆದ" ಅಂತ ಏನಾದರೂ ಹೇಳಿದರೆ ಅದೇ ಮಾತನ್ನು, ಅದೇ ಪದಗಳಲ್ಲಿ ನೆನಪಿಟ್ಟುಕೊಳ್ಳಿ. ಅವರು ತೀರಿಕೊಂಡರೆ ಅದು ಮರಣಕಾಲದ ಹೇಳಿಕೆಯಾಗುತ್ತದೆ. ಕೋರ್ಟು ಅದಕ್ಕೆ ಬಹಳ ಬೆಲೆ ಕೊಡುತ್ತದೆ.

ಬಿದ್ದಿರುವ ಆಯುಧವನ್ನು ಮುಟ್ಟಬೇಡಿ. ಮಕ್ಕಳು ತುಳಿದುಬಿಡುತ್ತಾರೆ ಅಂತ ಎತ್ತಿ ಪಕ್ಕಕ್ಕಿಡುವವರೂ ಇದ್ದಾರೆ. ಉದ್ದೇಶ ಒಳ್ಳೆಯದೇ, ಆದರೆ ಹಿಡಿಯ ಮೇಲಿನ ಬೆರಳಚ್ಚು ಅಲ್ಲಿಗೆ ಮುಗಿಯಿತು. ಜನರನ್ನು ದೂರ ನಿಲ್ಲಿಸಿ, ಅಷ್ಟು ಸಾಕು. ರಕ್ತ ಅಂಟಿದ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿಗೆ ತುರುಕಬಾರದು. ಒಳಗೆ ತೇವ ನಿಂತು ರಕ್ತದ ಕಲೆ ಕೊಳೆಯುತ್ತದೆ, ಪರೀಕ್ಷೆಗೆ ಬರುವುದಿಲ್ಲ. ಒಣಗಿಸಿ ಕಾಗದದಲ್ಲಿ ಕಟ್ಟುವುದು ಸರಿಯಾದ ಕ್ರಮ. ಅದು ಪೊಲೀಸರ ಕೆಲಸ.

ಮೊಬೈಲಿನಲ್ಲಿ ವಿಡಿಯೋ ಆಗಿದ್ದರೆ ಊರಿನ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಸತ್ತವರ ಮನೆಯವರು ಅದನ್ನು ನೋಡುತ್ತಾರೆ ಎಂಬುದು ಒಂದು. ಬೇರೆ ಸಾಕ್ಷಿಗಳು ಅದನ್ನು ನೋಡಿ ತಾವೇ ಕಂಡಂತೆ ಅಂದುಕೊಳ್ಳುತ್ತಾರೆ ಎಂಬುದು ಇನ್ನೊಂದು. ಫಾರ್ವರ್ಡ್ ಆದ ವಿಡಿಯೋ ಕೋರ್ಟಿನಲ್ಲಿ ಜಾಸ್ತಿ ನಿಲ್ಲುವುದಿಲ್ಲ. ಮೂಲ ಫೈಲು, ಮೂಲ ಫೋನು ಇರಲಿ. ನಕಲು ಕೊಡುವುದಾದರೆ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ತನಿಖಾಧಿಕಾರಿಯನ್ನೇ ಕೇಳಿ, ಅವರು ನಮೂನೆ ಕೊಡುತ್ತಾರೆ. ಅಂಗಡಿಯ ಸಿಸಿಟಿವಿ ಇದ್ದರೆ ಅದೇ ದಿನ ಪೊಲೀಸರಿಗೆ ಹೇಳಿ. ಹಳೆಯ ದೃಶ್ಯದ ಮೇಲೆ ಹೊಸದು ಕೂತು ಅಳಿಸಿಹೋಗುತ್ತದೆ.

ಆ ರಾತ್ರಿಯೇ ಒಂದು ಕಾಗದದಲ್ಲಿ ಕಂಡದ್ದನ್ನು ಬರೆದಿಡಿ. ಬರೆಯಲು ಬಾರದಿದ್ದರೆ ಕಣ್ಣು ಮುಚ್ಚಿ ಒಮ್ಮೆ ಮನಸ್ಸಿನಲ್ಲೇ ಕ್ರಮವಾಗಿ ಜೋಡಿಸಿಕೊಳ್ಳಿ. ಎಷ್ಟು ಹೊತ್ತಾಗಿತ್ತು? ನೀವು ಎಲ್ಲಿ ನಿಂತಿದ್ದಿರಿ? ಬೆಳಕು ಯಾವುದರದ್ದು, ಬೀದಿ ದೀಪವೋ, ಅಂಗಡಿಯ ಬಲ್ಬೋ, ಬೈಕಿನ ಹೆಡ್‌ಲೈಟೋ? ಎಷ್ಟು ಜನ, ಯಾರ ಕೈಯಲ್ಲಿ ಏನಿತ್ತು? ಪೊಲೀಸರ ಮುಂದೆ ದೂರವನ್ನು ಮೀಟರಿನಲ್ಲೇ ಹೇಳಬೇಕಿಲ್ಲ. ನಾಲ್ಕು ಮಾರು, ಎರಡು ಕರೆಂಟ್ ಕಂಬದ ದೂರ ಅಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಇಲ್ಲೊಂದು ಮಾತು ಗಮನಿಸಿ. ಕತ್ತಿ ಹೊರಬಂದಾಗ ನೋಡುವವನ ಕಣ್ಣು ಕತ್ತಿಯ ಮೇಲೇ ಹೋಗುತ್ತದೆ, ಹಿಡಿದವನ ಮುಖದ ಮೇಲೆ ಕಡಿಮೆ. ಮನೋವಿಜ್ಞಾನಿಗಳು ಇದನ್ನು 1980ರ ದಶಕದಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಆದ್ದರಿಂದ ಮಚ್ಚು ಚೆನ್ನಾಗಿ ನೆನಪಿದ್ದು ಮುಖ ಮಸುಕಾಗಿದ್ದರೆ ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಮುಖ ನೆನಪಿಲ್ಲ ಅಂತಲೇ ಹೇಳಿ. ಪಕ್ಕದ ಮನೆಯವರು "ಅವನೇ ಕಣಪ್ಪ" ಅಂದದ್ದನ್ನು ತೆಗೆದು ನಿಮ್ಮ ಕಣ್ಣಿಗೆ ಅಂಟಿಸಿಕೊಳ್ಳಬೇಡಿ. ನನ್ನ ಪ್ರಕಾರ ಸುಳ್ಳು ಸಾಕ್ಷಿಗಿಂತ ದೊಡ್ಡ ಅಪಾಯ ಇದೇ. ಹೇಳುವವನಿಗೆ ತಾನು ಹೇಳುತ್ತಿರುವುದು ಸುಳ್ಳು ಅಂತ ಗೊತ್ತೇ ಇರುವುದಿಲ್ಲ.

ಹೆಜ್ಜೆ 2: ಠಾಣೆಯಲ್ಲಿ ಹೇಳಿಕೆ

ಘಟನೆ ಬೇರೆ ಠಾಣೆಯ ಹದ್ದಿನಲ್ಲಿ ನಡೆದಿದ್ದರೂ ಹತ್ತಿರದ ಠಾಣೆ ದೂರು ತೆಗೆದುಕೊಳ್ಳಬೇಕು. ಶ್ರೀರಂಗಪಟ್ಟಣದ ಆಚೆ ಕಂಡದ್ದನ್ನು ಮೈಸೂರಿನ ಠಾಣೆಯಲ್ಲೂ ಹೇಳಬಹುದು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಉಚಿತ. ಕೇಳಿ ಪಡೆಯಿರಿ.

ಸಾಕ್ಷಿಯ ಹೇಳಿಕೆಯನ್ನು ಪೊಲೀಸರು ಸುರಕ್ಷಾ ಸಂಹಿತೆಯ 180ನೇ ಸೆಕ್ಷನ್ ಅಡಿ ಬರೆದುಕೊಳ್ಳುತ್ತಾರೆ. ಅದಕ್ಕೆ ನೀವು ಸಹಿ ಹಾಕುವ ಹಾಗಿಲ್ಲ, ಹಾಕಿಸಿಕೊಳ್ಳುವ ಹಾಗೂ ಇಲ್ಲ. ಹೆಂಗಸರು, 15 ವರ್ಷದೊಳಗಿನವರು, 60 ದಾಟಿದವರು, ಅಂಗವಿಕಲರು, ತೀವ್ರ ಕಾಯಿಲೆಯವರು ಹೇಳಿಕೆಗೆ ಠಾಣೆಗೆ ಹೋಗಬೇಕಿಲ್ಲ. ಪೊಲೀಸರೇ ಮನೆಗೆ ಬರಬೇಕು.

ತಡ ಮಾಡಬೇಡಿ. "ಕಣ್ಣಾರೆ ಕಂಡೆ ಅನ್ನುತ್ತೀರಿ, ಹಾಗಾದರೆ ಹತ್ತು ದಿನ ಯಾಕೆ ಸುಮ್ಮನಿದ್ದಿರಿ?" ಅಂತ ಎದುರು ವಕೀಲರು ಕೇಳೇ ಕೇಳುತ್ತಾರೆ. ಭಯದಿಂದ ತಡವಾಗಿದ್ದರೆ ಆ ಕಾರಣವನ್ನು ಹೇಳಿಕೆಯಲ್ಲೇ ಬರೆಸಿ.

ಆಯುಧದ ಬಗ್ಗೆ ಹೇಳುವಾಗ ಸ್ವಲ್ಪ ನಿಧಾನಿಸಿ. ಬೀಸಿದ್ದೋ, ತಿವಿದದ್ದೋ? ಎಷ್ಟು ಸಲ? ಮೈಯ ಯಾವ ಭಾಗಕ್ಕೆ? ಮಚ್ಚಿನ ಹರಿತ ಭಾಗದಿಂದಲೋ, ಹಿಂಬದಿಯಿಂದಲೋ? ಇದು ಸಣ್ಣ ವಿಷಯ ಅಲ್ಲ. ಮಚ್ಚಿನಿಂದ ಹೊಡೆದ ಅಂತ ಸಾಕ್ಷಿ ಹೇಳಿ, ಮರಣೋತ್ತರ ಪರೀಕ್ಷೆಯಲ್ಲಿ ಜಜ್ಜಿದ ಗಾಯ ಮಾತ್ರ ಕಂಡರೆ ಕೋರ್ಟಿನಲ್ಲಿ ಅದೇ ದೊಡ್ಡ ವಾದವಾಗುತ್ತದೆ. ಹಿಂಬದಿಯಿಂದ ಹೊಡೆದದ್ದನ್ನು ನೀವು ಕಂಡಿದ್ದರೆ ಅವತ್ತೇ ಹೇಳಿ. ಕಂಡಿಲ್ಲದಿದ್ದರೆ "ಯಾವ ಬದಿ ಅಂತ ಗೊತ್ತಾಗಲಿಲ್ಲ" ಅನ್ನಿ. ಪೊಲೀಸರ ಮುಂದೆ ಬಿಟ್ಟ ಮುಖ್ಯ ಸಂಗತಿಯನ್ನು ಕೋರ್ಟಿನಲ್ಲಿ ಮೊದಲ ಸಲ ಹೇಳಿದರೆ, ಆಮೇಲೆ ಸೇರಿಸಿದ್ದು ಅಂತ ಜಡ್ಜ್ ನೋಡುತ್ತಾರೆ.

ಮ್ಯಾಜಿಸ್ಟ್ರೇಟರ ಮುಂದೆ 183ನೇ ಸೆಕ್ಷನ್ ಅಡಿ ಹೇಳಿಕೆ ಕೊಡಲು ಕರೆಯಬಹುದು. ಕೊಲೆಯಂಥ ಪ್ರಕರಣದಲ್ಲಿ ಪೊಲೀಸರು ಕರೆತಂದ ಸಾಕ್ಷಿಯ ಹೇಳಿಕೆಯನ್ನು ಮ್ಯಾಜಿಸ್ಟ್ರೇಟರು ಬರೆದುಕೊಳ್ಳಲೇಬೇಕು ಅಂತ ಹೊಸ ಕಾನೂನು ಹೇಳುತ್ತದೆ. ಇದು ಪ್ರಮಾಣ ಮಾಡಿ ಕೊಡುವ ಹೇಳಿಕೆ.

ಹೆಜ್ಜೆ 3: ಪಂಚರಾಗಿ ಕರೆದರೆ

ಮಹಜರು ನಡೆಯುವಾಗ ಜೊತೆಗಿದ್ದು, ನೋಡಿ, ಸಹಿ ಹಾಕುವ ಸಾಕ್ಷಿಗಳೇ ಪಂಚರು. ಆಯುಧದ ಸಾಕ್ಷ್ಯ ಗಟ್ಟಿಯಾಗುವುದೂ ಪೊಳ್ಳಾಗುವುದೂ ಇಲ್ಲಿ. ಇದನ್ನು ನಿಧಾನವಾಗಿ ಓದಿ.

ಆರೋಪಿ ಪೊಲೀಸರ ವಶದಲ್ಲಿದ್ದಾನೆ ಅಂದುಕೊಳ್ಳಿ. "ನಾನೇ ಕೊಂದೆ, ಮಚ್ಚನ್ನು ನಾಲೆ ಏರಿಯ ಪಕ್ಕದ ಪೊದೆಯಲ್ಲಿ ಬಿಸಾಕಿದ್ದೇನೆ, ಬಂದರೆ ತೋರಿಸುತ್ತೇನೆ" ಅನ್ನುತ್ತಾನೆ. ಪೊಲೀಸರ ಮುಂದೆ ಹೇಳಿದ ತಪ್ಪೊಪ್ಪಿಗೆಯನ್ನು ಕೋರ್ಟು ಒಪ್ಪುವುದಿಲ್ಲ. ಹಿಂಸೆ ಕೊಟ್ಟು ಏನು ಬೇಕಾದರೂ ಹೇಳಿಸಬಹುದು ಅನ್ನುವುದೇ ಕಾರಣ. ಆದರೆ ಆ ಮಾತಿನಿಂದ ನಿಜವಾಗಿಯೂ ಒಂದು ವಸ್ತು ಸಿಕ್ಕರೆ, ಅದಕ್ಕೆ ನೇರವಾಗಿ ಸಂಬಂಧಿಸಿದ ಭಾಗವನ್ನು ಮಾತ್ರ ಕೋರ್ಟು ತೆಗೆದುಕೊಳ್ಳುತ್ತದೆ. ಹಳೆಯ ಕಾಯ್ದೆಯಲ್ಲಿ ಇದು 27ನೇ ಸೆಕ್ಷನ್. ಹೊಸದರಲ್ಲಿ 23ನೇ ಸೆಕ್ಷನ್ನಿನಲ್ಲಿ ಸೇರಿದೆ.

ಸ್ವಾತಂತ್ರ್ಯ ಬರುವ ಸ್ವಲ್ಪ ಮುಂಚೆ ಪುಲುಕುರಿ ಕೊಟ್ಟಯ್ಯ ಪ್ರಕರಣದಲ್ಲಿ, ಆಗ ನಮ್ಮ ಕೇಸುಗಳಿಗೆ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಇದನ್ನು ಬಿಡಿಸಿ ಹೇಳಿತು. "ನನ್ನ ಮನೆಯ ಸೂರಿನಲ್ಲಿ ಬಚ್ಚಿಟ್ಟ ಚಾಕು ತೆಗೆದುಕೊಡುತ್ತೇನೆ" ಅಂದ ಮಾತಿನಿಂದ ಚಾಕು ಎಂಬ ವಸ್ತು ಪತ್ತೆಯಾಗುವುದಿಲ್ಲ, ಚಾಕು ಲೋಕದಲ್ಲಿ ಮೊದಲಿನಿಂದಲೂ ಇದೆ. ಪತ್ತೆಯಾಗುವುದು, ಚಾಕು ಅಲ್ಲಿದೆ ಎಂಬುದು ಅವನಿಗೆ ಗೊತ್ತಿತ್ತು ಎಂಬ ಸಂಗತಿ. "ಇದರಿಂದಲೇ ಇರಿದೆ" ಎಂಬ ಭಾಗ ಸಾಕ್ಷ್ಯಕ್ಕೆ ಬರುವುದಿಲ್ಲ. ಇವತ್ತಿಗೂ ನಮ್ಮ ಕೋರ್ಟುಗಳು ಇದೇ ದಾರಿಯಲ್ಲಿ ನಡೆಯುತ್ತವೆ.

ಹಾಗಾದರೆ ಪಂಚರು ಗಮನಿಸಬೇಕಾದ್ದು ಯಾವುದು ಅಂತ ಈಗ ಗೊತ್ತಾಯಿತು ಅಲ್ವಾ? ದಾರಿ ತೋರಿಸಿದ್ದು ಯಾರು? ಆರೋಪಿ ಮುಂದೆ ನಡೆದನೋ, ಪೊಲೀಸರು ಮೊದಲೇ ಜಾಗಕ್ಕೆ ಹೋಗಿ ನಿಂತಿದ್ದರೋ? ಜೀಪು ಎಲ್ಲಿ ನಿಂತಿತು, ಅಲ್ಲಿಂದ ಎಷ್ಟು ದೂರ ನಡೆದಿರಿ? ಆಯುಧ ಎಲ್ಲರಿಗೂ ಕಾಣುವ ಬಯಲಲ್ಲಿತ್ತೋ, ಮುಚ್ಚಿಟ್ಟ ಜಾಗದಲ್ಲಿತ್ತೋ? ಅವನೇ ಕೈಹಾಕಿ ತೆಗೆದುಕೊಟ್ಟನೋ? ಎಲ್ಲರೂ ಓಡಾಡುವ ಜಾಗದಲ್ಲಿ ಕಣ್ಣಿಗೆ ಕಾಣುವಂತೆ ಬಿದ್ದಿದ್ದ ಆಯುಧಕ್ಕೆ ಬೆಲೆ ಕಡಿಮೆ. ಬೇರೆಯವರೂ ಅದನ್ನು ನೋಡಿರಬಹುದಲ್ಲ?

ಆಮೇಲೆ ವಸ್ತುವನ್ನು ನೋಡಿ. ಅಲಗಿನ ಉದ್ದ, ಹಿಡಿ ಮರದ್ದೋ ಕಬ್ಬಿಣದ್ದೋ, ತುಕ್ಕು ಎಲ್ಲಿದೆ, ತುದಿ ಬಾಗಿದೆಯೋ, ಹಿಡಿಗೆ ಸುತ್ತಿದ ಟ್ಯೂಬಿನ ಬಣ್ಣ ಯಾವುದು, ಕಲೆ ಎಲ್ಲಿದೆ. ಇವೆಲ್ಲ ಮಹಜರಿನಲ್ಲಿ ಬಂದಿರಬೇಕು. "ಒಂದು ಮಚ್ಚು" ಅಂತಷ್ಟೇ ಬರೆದಿದ್ದರೆ ಸೇರಿಸಲು ಹೇಳಿ. ಹೇಳುವುದಕ್ಕೆ ಹೆದರಬೇಡಿ, ನಿಮ್ಮನ್ನು ಕರೆದಿರುವುದೇ ಅದಕ್ಕೆ. ಬಟ್ಟೆಯಲ್ಲಿ ಕಟ್ಟಿ, ಹೊಲಿದು, ಅರಗಿನ ಮೊಹರು ಹಾಕುವ ತನಕ ಅಲ್ಲೇ ಇರಿ. ಮೊಹರಿನಲ್ಲಿ ಯಾವ ಅಕ್ಷರ ಇದೆ ನೋಡಿಕೊಳ್ಳಿ. ಪೊಟ್ಟಣದ ಮೇಲೆ ಅಂಟಿಸುವ ಚೀಟಿಗೆ ನಿಮ್ಮ ಸಹಿ ಬೀಳಬೇಕು. ಎಷ್ಟೋ ತಿಂಗಳು ಕಳೆದು ಕೋರ್ಟಿನಲ್ಲಿ "ಅದೇ ಮಚ್ಚು" ಅಂತ ಧೈರ್ಯವಾಗಿ ಹೇಳಲು ಆ ಚೀಟಿಯೇ ನಿಮಗೆ ಆಸರೆ.

ಸ್ಥಳಕ್ಕೆ ಹೋಗದೆ ಠಾಣೆಯಲ್ಲೇ ಸಹಿ ಹಾಕಬೇಡಿ. ಖಾಲಿ ಹಾಳೆಗೆ ಖಂಡಿತ ಬೇಡ. ಪೊಲೀಸರಿಗೆ ಉಪಕಾರ ಮಾಡಿದೆ ಅಂತ ನಿಮಗೆ ಅನಿಸಬಹುದು. ಆದರೆ ಪಾಟೀ ಸವಾಲಿನಲ್ಲಿ, ಅಂದರೆ ಎದುರು ವಕೀಲರು ಪ್ರಶ್ನೆ ಕೇಳುವಾಗ, "ಠಾಣೆಯಲ್ಲಿ ಸಹಿ ಹಾಕಿದೆ" ಅಂತ ಒಂದು ಸಲ ನಿಮ್ಮ ಬಾಯಿಂದ ಬಂದರೆ ಆ ಮಹಜರು ಬಿದ್ದಂತೆಯೇ. ನಿಜವಾದ ಕೊಲೆಗಾರನ ಎದುರು ಇದ್ದ ನಿಜವಾದ ಆಯುಧವೂ ಅದರ ಜೊತೆ ಬೀಳುತ್ತದೆ. ಸತ್ತವರ ಮನೆಯವರು ಅಲ್ಲೇ ಹಿಂದಿನ ಬೆಂಚಿನಲ್ಲಿ ಕೂತು ಅದನ್ನು ಕೇಳುತ್ತಿರುತ್ತಾರೆ.

ಈಗ ಶೋಧ, ಜಪ್ತಿಯನ್ನು ವಿಡಿಯೋ ಮಾಡಬೇಕು ಅಂತ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಹೇಳುತ್ತದೆ. ಪೊಲೀಸರು ಮೊಬೈಲು ಹಿಡಿದು ಚಿತ್ರೀಕರಿಸಿದರೆ ಅದು ನಿಮಗೂ ರಕ್ಷಣೆ. ಚಿತ್ರೀಕರಿಸದಿದ್ದರೆ ಕೇಳಿ.

ಹೆಜ್ಜೆ 4: ಆಯುಧ ಎಲ್ಲಿಗೆ ಹೋಗುತ್ತದೆ ಅಂತ ಗಮನ ಇಡಿ

ಇದು ಮುಖ್ಯವಾಗಿ ಸತ್ತವರ ಮನೆಯವರಿಗೆ.

ಜಪ್ತಿಯಾದ ಆಯುಧ ಮುದ್ದೆಮಾಲು, ಅಂದರೆ ಕೇಸಿಗೆ ಸೇರಿದ ವಸ್ತು, ಆಗುತ್ತದೆ. ಅದನ್ನು ಜಪ್ತಿ ಮಾಡಿದ್ದು ಮ್ಯಾಜಿಸ್ಟ್ರೇಟರಿಗೆ ವರದಿಯಾಗಬೇಕು. ಠಾಣೆಯಲ್ಲಿ ಭದ್ರವಾಗಿರಬೇಕು. ಮೊಹರು ಒಡೆಯದೆ ವಿಧಿವಿಜ್ಞಾನ ಪ್ರಯೋಗಾಲಯ ಸೇರಬೇಕು. ಮೈಸೂರಿನಲ್ಲೇ ಪ್ರಾದೇಶಿಕ ಪ್ರಯೋಗಾಲಯ ಇದೆ. ಬೆಂಗಳೂರಿನ ಮಡಿವಾಳದಲ್ಲಿ ಮುಖ್ಯ ಪ್ರಯೋಗಾಲಯ ಇದೆ. ಯಾರು ಒಯ್ದರು, ಯಾವತ್ತು ಒಯ್ದರು, ಮಧ್ಯೆ ಎಲ್ಲಿತ್ತು? ಪ್ರತಿ ಕೈ ಬದಲಾವಣೆಗೂ ಲೆಕ್ಕ ಇರಬೇಕು. ಒಂದು ಕೊಂಡಿ ಕಾಣೆಯಾದರೂ ಎದುರು ವಕೀಲರು ಅಲ್ಲೇ ಹಿಡಿಯುತ್ತಾರೆ.

ಪ್ರಯೋಗಾಲಯ ಮೊದಲು ನೋಡುವುದು ಅದು ರಕ್ತವೇ, ಮನುಷ್ಯರದ್ದೇ ಅಂತ. ಕೋಳಿ, ಕುರಿ ಕೊಯ್ಯುವ ಮಚ್ಚಿನಲ್ಲೂ ರಕ್ತ ಇರುತ್ತದೆ. ಆಮೇಲೆ ರಕ್ತದ ಗುಂಪು ಯಾವುದು ಅಂತ ನೋಡುತ್ತಾರೆ. ಸತ್ತವರದ್ದೂ ಆರೋಪಿಯದ್ದೂ ಒಂದೇ ಗುಂಪಾದರೆ ಅದರಿಂದ ಜಾಸ್ತಿ ಪ್ರಯೋಜನ ಇಲ್ಲ. ಡಿಎನ್‌ಎ ಹೊಂದಿದರೆ ಮಾತ್ರ ಗಟ್ಟಿ. ನಾಲೆಯ ನೀರಿನಲ್ಲಿ ದಿನಗಟ್ಟಲೆ ಇದ್ದ ಆಯುಧದಲ್ಲಿ ಏನೂ ಸಿಗದೇ ಇರಬಹುದು. ಆಗ ಆರೋಪಿ ತೋರಿಸಿದ ಜಾಗ ಮತ್ತು ಪಂಚರ ಮಾತೇ ಮುಖ್ಯ.

ಮರಣೋತ್ತರ ಪರೀಕ್ಷೆ ಮಂಡ್ಯದಲ್ಲಿ ಮಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ), ಮೈಸೂರಿನಲ್ಲಿ ಕೆ.ಆರ್. ಆಸ್ಪತ್ರೆಯಂಥ ಕಡೆ ಆಗುತ್ತದೆ. ಜಪ್ತಿಯಾದ ಆಯುಧವನ್ನು ಅದೇ ವೈದ್ಯರಿಗೆ ತೋರಿಸಿ, "ಈ ಗಾಯ ಇದರಿಂದ ಆಗಿರಬಹುದೇ?" ಅಂತ ಅಭಿಪ್ರಾಯ ಪಡೆಯಬೇಕು. ಸಿಕ್ಕ ಆಯುಧವನ್ನು ವೈದ್ಯರಿಗೆ ತೋರಿಸುವುದು ಪ್ರಾಸಿಕ್ಯೂಷನ್ (ಕೇಸು ನಡೆಸುವ ಸರ್ಕಾರದ ಕಡೆ) ಕರ್ತವ್ಯ, ಅದನ್ನು ನೋಡಿಕೊಳ್ಳುವುದು ಕೋರ್ಟಿನ ಕರ್ತವ್ಯ ಎಂದು ಸುಪ್ರೀಂ ಕೋರ್ಟ್ 1976ರಲ್ಲೇ ಹೇಳಿದೆ. ಈ ಅಭಿಪ್ರಾಯ ದೋಷಾರೋಪಣ ಪಟ್ಟಿಯಲ್ಲಿ (ಚಾರ್ಜ್‌ಶೀಟಿನಲ್ಲಿ) ಇದೆಯೇ ಎಂದು ಸರ್ಕಾರಿ ಅಭಿಯೋಜಕರನ್ನು, ಅಂದರೆ ಸರ್ಕಾರದ ಪರ ವಾದಿಸುವ ವಕೀಲರನ್ನು, ಕೇಳಿ. ತನಿಖೆ ಎಲ್ಲಿಗೆ ಬಂತು ಅಂತ 90 ದಿನದೊಳಗೆ ದೂರುದಾರರಿಗೂ ಸಂತ್ರಸ್ತರ ಕಡೆಯವರಿಗೂ ಪೊಲೀಸರು ತಿಳಿಸಬೇಕು.

ಆಯುಧ ಸಿಗಲೇ ಇಲ್ಲ ಅಂದರೆ? ಕೇಸು ಮುಗಿಯಿತು ಅಂತ ಊರಿನವರು ಹೇಳುತ್ತಾರೆ. ಹಾಗೇನಿಲ್ಲ. ನಂಬುವಂಥ ಕಣ್ಣಾರೆ ಸಾಕ್ಷಿ ಇದ್ದು, ವೈದ್ಯರ ವರದಿ ಅದಕ್ಕೆ ಹೊಂದಿದರೆ ಆಯುಧ ಸಿಗದಿದ್ದರೂ ಶಿಕ್ಷೆ ಆಗಬಹುದು. 2013ರಲ್ಲಿ ಮೃತ್ಯುಂಜಯ್ ಬಿಸ್ವಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ಸಾಕ್ಷಿ ಇಷ್ಟೇ ಜನ ಇರಬೇಕು ಎಂಬ ಲೆಕ್ಕವೂ ಇಲ್ಲ. ಪೂರ್ತಿ ನಂಬಿಕೆಗೆ ಅರ್ಹವಾದ ಒಬ್ಬ ಸಾಕ್ಷಿ ಸಾಕು. ಇದು 1957ರ ವಡಿವೇಲು ತೇವರ್ ತೀರ್ಪಿನಿಂದ ಬಂದ ಮಾತು. "ನೀನು ಸತ್ತವನ ಅಣ್ಣ, ನಿನ್ನ ಮಾತು ನಡೆಯಲ್ಲ" ಅನ್ನುವುದೂ ತಪ್ಪು. ಹತ್ತಿರದ ಸಂಬಂಧಿ ನಿಜವಾದ ಅಪರಾಧಿಯನ್ನು ಬಿಟ್ಟು ಬೇರೆಯವನನ್ನು ಸಿಕ್ಕಿಸಲು ಸಾಮಾನ್ಯವಾಗಿ ಒಪ್ಪುವುದಿಲ್ಲ ಎಂದು 1953ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಹಳೆಯ ದ್ವೇಷ ಇದ್ದರೆ ಮಾತ್ರ ಜಾಸ್ತಿ ಎಚ್ಚರದಿಂದ ತೂಗುತ್ತಾರೆ.

ಹೆಜ್ಜೆ 5: ಗುರುತು ಹಿಡಿಯುವ ಪರೇಡ್

ಮೊದಲು ಪರಿಚಯ ಇಲ್ಲದವನನ್ನು ಕಂಡಿದ್ದರೆ ಇದು ಬರುತ್ತದೆ. ಸಾಮಾನ್ಯವಾಗಿ ಜೈಲಿನಲ್ಲಿ, ತಹಶೀಲ್ದಾರರ ಎದುರು ನಡೆಯುತ್ತದೆ. ಒಂದೇ ರೀತಿ ಕಾಣುವ ಕೆಲವರ ಮಧ್ಯೆ ಆರೋಪಿಯನ್ನು ನಿಲ್ಲಿಸಿರುತ್ತಾರೆ. ಅದಕ್ಕೆ ಮುಂಚೆ ಟಿವಿಯಲ್ಲಿ, ಮೊಬೈಲಿನಲ್ಲಿ ಅವನ ಫೋಟೋ ನೋಡಿದ್ದರೆ ತಹಶೀಲ್ದಾರರಿಗೆ ಹೇಳಿಬಿಡಿ. ಸಾಲಿನಲ್ಲಿ ಅವನಿಲ್ಲ ಅನಿಸಿದರೆ "ಇಲ್ಲ" ಅನ್ನಬಹುದು. ಯಾರನ್ನಾದರೂ ತೋರಿಸಲೇಬೇಕು ಎಂಬ ನಿಯಮ ಇಲ್ಲ. ಅಂತಿಮವಾಗಿ ಲೆಕ್ಕಕ್ಕೆ ಬರುವುದು ಕೋರ್ಟಿನಲ್ಲಿ ಗುರುತಿಸುವುದು.

ಹೆಜ್ಜೆ 6: ಬೆದರಿಕೆ, ರಾಜಿ

ಚಾರ್ಜ್‌ಶೀಟಿಗೂ ವಿಚಾರಣೆಗೂ ನಡುವೆ ಬಹಳ ಕಾಲ ಹೋಗುತ್ತದೆ. ಆ ಹೊತ್ತಿನಲ್ಲಿ ಊರ ಹಿರಿಯರು ಬರುತ್ತಾರೆ. "ಹೋದವನು ಹೋದ, ಇವನ ಮಕ್ಕಳು ಬೀದಿಪಾಲಾಗುತ್ತವೆ, ಬಿಟ್ಟಾಕಿ" ಅನ್ನುತ್ತಾರೆ. ಕೊಲೆಯಲ್ಲಿ ರಾಜಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. ಹಾಗಾಗಿ ರಾಜಿ ಅಂದರೆ ಇಲ್ಲಿ ಒಂದೇ ಅರ್ಥ: ಸಾಕ್ಷಿ ತಿರುಗಿ ಬೀಳುವುದು. ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಏಳು ವರ್ಷದವರೆಗೆ ಶಿಕ್ಷೆ ಇದೆ. ತಿರುಗಿ ಬಿದ್ದ ಸಾಕ್ಷಿಯ ಮಾತಿನಲ್ಲೂ ನಿಜ ಅನಿಸಿದ ಭಾಗವನ್ನು ಕೋರ್ಟು ತೆಗೆದುಕೊಳ್ಳಬಹುದು.

ಬೆದರಿಕೆ ಬಂದರೆ ನೀವು ಒಬ್ಬರೇ ಅಲ್ಲ. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟ್ ದೇಶಕ್ಕೆಲ್ಲ ಅನ್ವಯಿಸಿತು. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಪ್ರತಿ ಜಿಲ್ಲೆಯಲ್ಲೂ ಸಮಿತಿ ಇರಬೇಕು. ಅರ್ಜಿ ಕೊಟ್ಟರೆ ಬೆದರಿಕೆ ಎಷ್ಟಿದೆ ಎಂದು ಪೊಲೀಸರಿಂದ ವರದಿ ತರಿಸುತ್ತಾರೆ. ಗಸ್ತು, ಕೋರ್ಟಿಗೆ ಕರೆದೊಯ್ಯುವ ವ್ಯವಸ್ಥೆ, ತೀರಾ ಅಗತ್ಯವಿದ್ದರೆ ಬೇರೆ ಕಡೆ ವಾಸ, ಇಂಥವು ಸಿಗುತ್ತವೆ. ಅರ್ಜಿ ಬರೆಯಲು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಸಹಾಯ ಕೇಳಬಹುದು. 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಬೆದರಿಕೆಯ ಕರೆ, ಸಂದೇಶ ಅಳಿಸಬೇಡಿ.

ಹೆಜ್ಜೆ 7: ಕಟಕಟೆಯಲ್ಲಿ

ಸಮನ್ಸ್ ಬಂದ ದಿನ ಬೇಗ ಹೋಗಿ ಸರ್ಕಾರಿ ಅಭಿಯೋಜಕರನ್ನು ಕಾಣಿ. ಹಳೆಯ ಹೇಳಿಕೆ ಏನಿತ್ತು ಅಂತ ನೆನಪು ಮಾಡಿಕೊಳ್ಳಿ. ಬಾಯಿಪಾಠ ಮಾಡಬೇಡಿ. ಪದಕ್ಕೆ ಪದ ಒಪ್ಪಿಸುವ ಸಾಕ್ಷಿಯನ್ನು ಕಂಡರೆ ಯಾರೋ ಹೇಳಿಕೊಟ್ಟಿದ್ದಾರೆ ಅಂತ ಜಡ್ಜ್‌ಗೆ ತಕ್ಷಣ ಅನಿಸುತ್ತದೆ.

ಮುಖ್ಯ ವಿಚಾರಣೆಯಲ್ಲಿ, ಅಂದರೆ ಸರ್ಕಾರಿ ಅಭಿಯೋಜಕರು ಮೊದಲು ಪ್ರಶ್ನೆ ಕೇಳುವಾಗ, ಪೊಟ್ಟಣ ಬಿಚ್ಚಿ ಆಯುಧ ತೋರಿಸುತ್ತಾರೆ. ಪಂಚರಾಗಿದ್ದರೆ ಚೀಟಿಯ ಸಹಿ ನೋಡಿ ಗುರುತಿಸಿ. ಕಣ್ಣಾರೆ ಕಂಡವರಾಗಿದ್ದರೆ ಸ್ವಲ್ಪ ಯೋಚಿಸಿ. ರಾತ್ರಿ ಹೊತ್ತು ಹತ್ತು ಮಾರು ದೂರದಿಂದ ಕಂಡ ಮಚ್ಚು ಇದೇ ಅಂತ ಹೇಳಲು ಸಾಧ್ಯವೇ? ಅಂಗಡಿಯಲ್ಲಿ ಸಿಗುವ ನೂರಾರು ಮಚ್ಚುಗಳು ಹೀಗೇ ಇರುತ್ತವೆ. "ಇಂಥದ್ದೇ ಮಚ್ಚು ಕೈಯಲ್ಲಿತ್ತು" ಅಂದರೆ ಅದು ಪ್ರಾಮಾಣಿಕ ಉತ್ತರ. ಹಿಡಿಗೆ ಸುತ್ತಿದ ಕೆಂಪು ಟ್ಯೂಬು ಕಂಡು ಗುರುತು ಹತ್ತಿದರೆ ಆ ಕಾರಣವನ್ನೇ ಹೇಳಿ.

ಪಾಟೀ ಸವಾಲಿನಲ್ಲಿ ಬೆಳಕಿನ ಬಗ್ಗೆ ಕೇಳುತ್ತಾರೆ. ಆ ಹೊತ್ತು ಕರೆಂಟ್ ಇತ್ತೋ ಇಲ್ಲವೋ ಎಂದು ವಿದ್ಯುತ್ ಕಚೇರಿಯಿಂದ ಪತ್ರ ತರಿಸಿರುತ್ತಾರೆ. ಸ್ಥಳದ ನಕ್ಷೆಯೂ ಮುಂದಿರುತ್ತದೆ. ಗೊತ್ತಿರುವಷ್ಟು ಹೇಳಿ. ಪರಿಚಯದವನಾದರೆ ನಡಿಗೆಯಿಂದ, ದನಿಯಿಂದ ಗುರುತು ಸಿಕ್ಕಿತು ಅನ್ನುವುದೂ ಸರಿಯಾದ ಉತ್ತರವೇ.

ಒಂದು ಪ್ರಶ್ನೆಯ ರೂಪಕ್ಕೆ ಮಾತ್ರ ಮೊದಲೇ ಸಿದ್ಧರಾಗಿ. "ಆ ದಿನ ನೀವು ಅಲ್ಲಿ ಇರಲೇ ಇಲ್ಲ ಎಂದರೆ ಸರಿಯೇ?" ನಮ್ಮ ಜನ ಅಭ್ಯಾಸಬಲದಿಂದ "ಹೂಂ, ಇದ್ದೆ ಸಾರ್" ಅನ್ನುತ್ತಾರೆ. ಆ "ಹೂಂ" ಅಷ್ಟೇ ದಾಖಲಾದರೆ ನೀವು ಅಲ್ಲಿ ಇರಲಿಲ್ಲ ಅಂತ ಒಪ್ಪಿಕೊಂಡಂತೆ. ಆದ್ದರಿಂದ ಬರೀ ಹೌದು, ಅಲ್ಲ ಅನ್ನಬೇಡಿ. "ಸರಿಯಲ್ಲ, ನಾನು ಅಲ್ಲೇ ಇದ್ದೆ" ಅಂತ ಪೂರ್ತಿ ವಾಕ್ಯ ಹೇಳಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಲು ಹೇಳಿ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಅನ್ನಿ. ಗಂಟೆ, ನಿಮಿಷದಲ್ಲಿ, ಏಟಿನ ಲೆಕ್ಕದಲ್ಲಿ ಸಣ್ಣ ವ್ಯತ್ಯಾಸ ಬಂದರೆ ಕೋರ್ಟು ಅದನ್ನು ದೊಡ್ಡದು ಮಾಡುವುದಿಲ್ಲ. ಮನುಷ್ಯರ ನೆನಪು ಹಾಗೇ ಅಂತ ಜಡ್ಜ್‌ಗೂ ಗೊತ್ತು.

ಮುಗಿದ ಮೇಲೆ ನಿಮ್ಮ ಸಾಕ್ಷ್ಯವನ್ನು ಓದಿ ಹೇಳುತ್ತಾರೆ. ಓದದಿದ್ದರೆ ಓದಲು ಕೇಳಿ. ಹೇಳಿದ್ದಕ್ಕೂ ಟೈಪ್ ಆದದ್ದಕ್ಕೂ ವ್ಯತ್ಯಾಸ ಕಂಡರೆ ಸಹಿ ಹಾಕುವ ಮುಂಚೆಯೇ ಜಡ್ಜ್‌ಗೆ ಹೇಳಿ. ಕೂಲಿ ಬಿಟ್ಟು ಬಂದಿರುತ್ತೀರಿ, ಆದ್ದರಿಂದ ಸಾಕ್ಷಿ ಭತ್ಯೆ ಕೇಳಿ ಪಡೆಯಿರಿ. ಫ್ಯಾಕ್ಟರಿಯಲ್ಲೋ ಕಚೇರಿಯಲ್ಲೋ ಕೆಲಸ ಮಾಡುವವರು ಕೋರ್ಟಿಗೆ ಬಂದಿದ್ದಕ್ಕೆ ಹಾಜರಾತಿ ಪತ್ರ ಬರೆಸಿಕೊಂಡು ಹೊರಡಿ.